ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ

ಪುಣ್ಯನದಿಯಾದ ಕಾವೇರಿಯು ಎರಡು ಕವಲಾಗಿ ಒಡೆದು ಬಳಸಿಕೊಂಡಿರುವ ದ್ವೀಪವೇ ಆದಿರಂಗವೆನಿಸಿದ ಶ್ರೀರಂಗಪಟ್ಟಣವು. ಈ ಊರಿಗೆ ಹೊಳೆಯೇ ತೀರ್ಥವೂ ಕೋಟೆಯ ಅಗಳೂ ಆಗಿದ್ದಿತು. ಕ್ರಿ. ಶ. 1799ನೆಯ ಮೇ 4ರಂದು, ಬೇಸಗೆಯಲ್ಲಿ ನೀರಿಳಿದಿದ್ದ ಹೊಳೆಯನ್ನು ದಾಟಿ ಆಂಗ್ಲಸೇನೆಯು ಕೋಟೆಯನ್ನು ಹಿಡಿಯಿತು. ಟಿಪ್ಪು ಸುಲ್ತಾನನು ಮಡಿದನು. ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರವರು ಪಟ್ಟವೇರಲು, ರಾಜಧಾನಿಯು ಮೈಸೂರಿಗೆ ಸಾಗಿತು.

ಆ ಸಂಧಿಕಾಲದಲ್ಲಿ ದಿವಾನ್ ಪೂರ್ಣಯ್ಯನವರು ಉತ್ತರದ ಕವಲಿಗೆ ಕಟ್ಟಿಸಿದ ಶಿಲಾಸೇತುವೆಯು 1804ರಲ್ಲಿ ಮುಗಿಯಿತು. ಅದಕ್ಕೆ ಅಂದಿನ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರವನ್ನು ವಹಿಸಿದ್ದ ಆರ್ಥರ್ ವೆಲ್ಲೆಸ್ಲಿಯು ಈತನ ತಮ್ಮನು. ಇಬ್ಬರನ್ನು ಒಬ್ಬನೆಂದೆಣಿಸುವುದು ಸರಿಯಲ್ಲ.

ಹೆಸರು ಪರದೇಶದ್ದಾದರೂ ಕಟ್ಟಡವು ಈ ನಾಡಿನದೇ. ಇದರಲ್ಲಿ ಕಮಾನುಗಳಿಲ್ಲ. ಹೊಳೆಯ ಪಾತ್ರದಲ್ಲಿ ನಿಲ್ಲಿಸಿದ ಕಲ್ಲುಕಂಬಗಳು, ಅವುಗಳ ತಲೆಯ ಮೇಲೆ ಬೋದಿಗೆಗಳು, ಬೋದಿಗೆಗಳ ಮೇಲೆ ಕಲ್ಲಿನ ತೊಲೆಗಳು. ದೇವಾಲಯದ ಮಂಟಪವನ್ನು ಕಟ್ಟುವ ಕ್ರಮವೇ ಇಲ್ಲಿ ಹೊಳೆಗಿಳಿದಿದೆ. ಕಲ್ಲು ಮೇಲಿನ ಭಾರವನ್ನು ಚೆನ್ನಾಗಿ ತಾಳುವುದು. ಆದರೆ ಉದ್ದವಾಗಿ ಅಡ್ಡಲಿಟ್ಟರೆ ನಡುವೆ ಬಿರಿಯುವುದು. ಆದುದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕಾಯಿತು. ಬೋದಿಗೆಗಳು ಇಕ್ಕೆಲಕ್ಕೂ ಚಾಚಿ ತೊಲೆಯ ಹರವನ್ನು ಇನ್ನಷ್ಟು ಕುಗ್ಗಿಸಿದುವು. ಇಂತಹ ಒತ್ತಾದ ಕಂಬಗಳು ಪ್ರವಾಹಕ್ಕೆ ಅಡ್ಡಿಯಾಗುವುದುಂಟು. ಹಾಗಿದ್ದೂ 1924ರ ಮಹಾಪೂರದ ತರುವಾಯವೂ ಸೇತುವೆಯು ನಿಂತಿರುವುದು ಕಟ್ಟಿದವರ ಕೈಚಳಕಕ್ಕೆ ಸಾಕ್ಷಿಯಾಗಿದೆ. ಇಂದಿಗೂ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಇದರ ಮೇಲೆ ಸಂಚಾರವನ್ನು ತಡೆಯುವುದುಂಟು.

ರಾಜ ಒಡೆಯರು 1610ರಲ್ಲಿ ದಸರಾ ಮಹೋತ್ಸವವನ್ನು ಆರಂಭಿಸಿದ್ದು ಈ ಪಟ್ಟಣದಲ್ಲಿಯೇ. ಈಗ ಇಲ್ಲಿ ನಡೆಯುವ ದಸರೆಗೆ ಉತ್ತರದಡದ ಕಿರಂಗೂರಿನ ಬನ್ನಿಮಂಟಪದಲ್ಲಿ ನಾಂದಿಯಾಗುವುದು. ಊರಿನ ಹಬ್ಬವು ಹೊಳೆಯ ಎರಡು ದಡಗಳಿಗೂ ಸೇರಿದ್ದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಒಮ್ಮೆ ಶತ್ರುವನ್ನು ತಡೆಯಲೆಂದು ನಂಬಿದ್ದ ನೀರಿನ ಮೇಲೆ ಯಾತ್ರಿಕನಿಗೂ ರೈತನಿಗೂ ಸಮನಾಗಿ ದಾರಿಯಾದುದೇ ಈ ಸೇತುವೆಯ ಹಿರಿಮೆ.

ಕೋಟೆ ಕೊತ್ತಲಗಳನ್ನು ನೋಡಲು ದೂರದಿಂದ ಬರುವವರು ಬಹುಮಂದಿ. ಕಂಬಗಳ ಕಡೆಗೆ ಬಗ್ಗಿ ನೋಡುವವರು ವಿರಳ. ಆದರೆ ಸಂದುಗಳಲ್ಲಿ ಒಂದು ಅರಳಿಯ ಸಸಿ ಬೇರೂರಿದರೂ ಸಾಕು, ಪ್ರವಾಹವು ಮಾಡದುದನ್ನು ಉದಾಸೀನವು ಮಾಡಿಬಿಡುವುದು. ಪ್ರಭುವಿನ ಹೆಸರು ಸೇತುವೆಗೆ ಉಳಿಯಿತು, ದಿವಾನರ ಕೀರ್ತಿಯು ಚರಿತ್ರೆಯಲ್ಲಿ ಉಳಿಯಿತು. ಕಲ್ಲು ಕಡಿದು, ಹೊತ್ತು, ನೀರಿನ ನಡುವೆ ನಿಲ್ಲಿಸಿದವರಿಗೆ ಉಳಿದುದು ಈ ಕಂಬಗಳು ಮಾತ್ರ. ಅವುಗಳನ್ನು ಕಾಪಾಡುವುದೇ ಅವರ ಸ್ಮರಣೆ.