ಬಾರದೆ ಉಳಿದ ಕೂಫಾದ ಜನ

ಹೈದರಾಬಾದಿನಲ್ಲಿ ಮೊಹರಂ ಹತ್ತನೇ ದಿನ ಬೀಬಿ ಕಾ ಅಲಾವಾದಿಂದ ಹೊರಡುವ ಮೆರವಣಿಗೆಯನ್ನು ನೀವು ಟಿವಿಯಲ್ಲಾದರೂ ನೋಡಿರ್ತೀರಿ. ಜನ ಎದೆ ಬಡಿದುಕೊಳ್ಳೋದನ್ನ ನೋಡಿ, ಹುಸೇನ್ ಸತ್ತ ದುಃಖ ಇದು ಅಂತ ನಾವು ಮುಂದೆ ಹೋಗಿಬಿಡ್ತೀವಿ. ದುಃಖ ಹೌದು. ಆದರೆ ಅದರೊಳಗೆ ಪಶ್ಚಾತ್ತಾಪವೂ ಇದೆ ಅಂತ ನನಗನಿಸುತ್ತೆ. ಇವತ್ತು ಅದರ ಕಥೆ.

ಶಿಯಾ ಅಂದ್ರೆ ಪಕ್ಷ, ಅಂದರೆ ಅಲಿಯ ಪಕ್ಷ. 632ರಲ್ಲಿ ಪ್ರವಾದಿ ತೀರಿಕೊಂಡ ಮೇಲೆ ಮುಂದಿನ ನಾಯಕ ಯಾರು ಅನ್ನೋ ಪ್ರಶ್ನೆಯಿಂದ ಹುಟ್ಟಿದ ಗುಂಪು ಅದು. ಆಗಿನ್ನೂ ಹೆಚ್ಚಾಗಿ ರಾಜಕೀಯ.

680ರಲ್ಲಿ ಇರಾಕಿನ ಕೂಫಾ ಊರಿನವರು ಅಲಿಯ ಮಗ ಹುಸೇನರಿಗೆ ಪತ್ರದ ಮೇಲೆ ಪತ್ರ ಬರೆದರು: ಬನ್ನಿ, ಯಜೀದನ ವಿರುದ್ಧ ನಿಮ್ಮ ಜೊತೆ ನಿಲ್ತೀವಿ ಅಂತ. ಹುಸೇನ್ ಮೊದಲು ತಮ್ಮ ದೊಡ್ಡಪ್ಪನ ಮಗ ಮುಸ್ಲಿಮ್ ಇಬ್ನ್ ಅಕೀಲರನ್ನು ಕಳಿಸಿದರು. ಸಾವಿರಾರು ಜನ ಮಾತು ಕೊಟ್ಟರು. ಹೊಸ ಗವರ್ನರ್ ಉಬೈದುಲ್ಲಾ ಇಬ್ನ್ ಜಿಯಾದ್ ಬಂದು ಹೆದರಿಸಿದ ಕೂಡಲೇ ಎಲ್ಲರೂ ಮನೆ ಸೇರಿಕೊಂಡರು. ಮುಸ್ಲಿಮರನ್ನು ಕೊಂದರು. ಕರ್ಬಲಾದಲ್ಲಿ ಹುಸೇನರ ಜೊತೆ ಕೊನೆಗೆ ಉಳಿದವರು, ಪರಂಪರೆ ಹೇಳೋ ಲೆಕ್ಕದಲ್ಲಿ, 72 ಮಂದಿ. ಕರೆದವರೇ ಬರಲಿಲ್ಲ, ನೋಡಿ.

ಶಾಲೆಯ ಪಾಠ ಇಲ್ಲಿಗೇ ನಿಲ್ಲುತ್ತೆ. ನನಗೆ ಮುಖ್ಯ ಅನ್ನಿಸೋದು ಇದರ ನಂತರದ್ದು. ಸುಲೈಮಾನ್ ಇಬ್ನ್ ಸುರದ್ ಅಂತ ಕೂಫಾದ ಒಬ್ಬ ಮುದುಕ, ಹುಸೇನರಿಗೆ ಪತ್ರ ಬರೆದವರಲ್ಲಿ ಒಬ್ಬರು. ಅವರ ಸುತ್ತ ಸೇರಿದವರು ತಮ್ಮನ್ನು ತವ್ವಾಬೂನ್, ಅಂದರೆ ಪಶ್ಚಾತ್ತಾಪಪಟ್ಟವರು ಅಂತ ಕರೆದುಕೊಂಡರು. ಹೆಸರು ಕೊಟ್ಟವರು 16,000. 684ರ ಕೊನೆಯಲ್ಲಿ ಹೊರಟು ನಿಂತಾಗ ಬಂದವರು ಸುಮಾರು 4,000. ಕೂಫಾ ಇನ್ನೂ ಕೂಫಾನೇ!

ಹೊರಟವರು ನೇರ ಯುದ್ಧಕ್ಕೆ ಹೋಗಲಿಲ್ಲ. ಮೊದಲು ಹುಸೇನರ ಸಮಾಧಿಗೆ ಹೋಗಿ ಒಂದು ಹಗಲು, ಒಂದು ರಾತ್ರಿ ಅತ್ತರು. 685ರ ಜನವರಿಯಲ್ಲಿ ಐನ್ ಅಲ್-ವರ್ದಾದಲ್ಲಿ ದೊಡ್ಡ ಉಮಯ್ಯದ್ ಸೈನ್ಯದ ಎದುರು ಸುಲೈಮಾನ್ ಸೇರಿ ಬಹುತೇಕ ಎಲ್ಲರೂ ಸತ್ತರು. ಸೈನಿಕವಾಗಿ ನೋಡಿದರೆ ಹುಚ್ಚುತನ. ಆದರೆ ಸಮಾಧಿಗೆ ಹೋಗೋದು, ಒಟ್ಟಾಗಿ ಅಳೋದು, ನಾವು ಅಲ್ಲಿರಬೇಕಿತ್ತು ಅಂತ ಕೊರಗೋದು, ಇವೆಲ್ಲ ಅಲ್ಲಿ ಆಗಲೇ ಇವೆ. ರಾಜಕೀಯ ಪಕ್ಷವೊಂದು ನೆನಪಿನ ಸಮುದಾಯ ಆಗಿದ್ದು ಇಲ್ಲಿಂದ ಅಂತ ನನ್ನ ಅಭಿಪ್ರಾಯ.

963ರಲ್ಲಿ ಬುವೈಹಿ ದೊರೆ ಮುಇಜ್ಜುದ್ದೌಲಾ ಬಾಗ್ದಾದಿನಲ್ಲಿ ಅಂಗಡಿ ಮುಚ್ಚಿಸಿ ಬಹಿರಂಗ ಶೋಕಾಚರಣೆಗೆ ಅಪ್ಪಣೆ ಕೊಟ್ಟ. 1590ರ ದಶಕದಲ್ಲಿ ಕುತುಬ್ ಶಾಹಿಗಳು ಹೈದರಾಬಾದಿನಲ್ಲಿ ಬಾದ್‌ಶಾಹಿ ಆಶೂರ್‌ಖಾನಾ ಕಟ್ಟಿಸಿದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾಯಿ ದೇವರ ಮುಂದೆ ಇವತ್ತಿಗೂ ಕರ್ಬಲಾದ ರಿವಾಯತ್ ಪದ ಹಾಡ್ತಾರೆ. ಹಾಡೋರಲ್ಲಿ ಬಹಳ ಮಂದಿ ಶಿಯಾಗಳಲ್ಲ, ಎಷ್ಟೋ ಜನ ಮುಸ್ಲಿಮರೂ ಅಲ್ಲ.