ಸುಂಕದ ಕಟ್ಟೆ ತಪ್ಪಿಸಿದವನಿಗೆ ಎಂಟು ಪಟ್ಟು ದಂಡ

ಹುಮನಾಬಾದ್ ತಾಲೂಕಿನ ಜಲಸಂಗಿಗೆ ಹೋದವರು ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯನ್ನು ನೋಡದೆ ಬರುವುದಿಲ್ಲ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ (1076–1126) ಹೊಗಳಿಕೆ. ಅವಳನ್ನು ನೋಡಿಕೊಂಡು ಬಸವಕಲ್ಯಾಣದ ಕಡೆ ಹೊರಟಿದ್ದೆ. ದಾರಿಯಲ್ಲಿ ಚಹಾಕ್ಕೆ ನಿಂತಾಗ, ತೊಗರಿ ಮಾರಿ ಬಂದಿದ್ದ ರೈತರೊಬ್ಬರು ಮಾತಿಗೆ ಸಿಕ್ಕರು. ನಾನು ಹಳೇ ಕಲ್ಲು ಓದುವವನೆಂದು ತಿಳಿದ ಮೇಲೆ ಕೇಳಿದರು: "ಹೊರದೇಶದ ತೊಗರಿ ಬಂದ್ರ ನಮ್ಮ ರೇಟ್ ಬೀಳ್ತದ್ರಿ. ಆಗಿನ ಕಾಲದಾಗ ಇದಕ್ಕೊಂದು ಕಾನೂನು ಇತ್ತೇನ್ರಿ?"

ಇತ್ತು. ಅದರ ದೊಡ್ಡ ವ್ಯಾಖ್ಯಾನ ಹುಟ್ಟಿದ್ದೂ ಇದೇ ಕಲ್ಯಾಣದ ಆಸ್ಥಾನದಲ್ಲಿ. ವಿಜ್ಞಾನೇಶ್ವರನ 'ಮಿತಾಕ್ಷರ' ಎಂದರೆ ನಮಗೆ ನೆನಪಾಗುವುದು ಆಸ್ತಿ ಹಂಚಿಕೆ. ಆದರೆ ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವ್ಯಾಪಾರದ ಕಟ್ಟಳೆಗಳೂ ಇವೆ. ಸರಕಿನ ಬೆಲೆಯಲ್ಲಿ ಇಪ್ಪತ್ತನೆಯ ಒಂದು ಪಾಲು ಸುಂಕ. ಅಳತೆ ಸುಳ್ಳು ಹೇಳಿದವನಿಗೆ, ಸುಂಕದ ಕಟ್ಟೆ ತಪ್ಪಿಸಿ ಹೋದವನಿಗೆ ಎಂಟು ಪಟ್ಟು ದಂಡ. ಧಾನ್ಯ, ಬೆಲ್ಲ, ಎಣ್ಣೆಗೆ ಕಳಪೆ ಬೆರೆಸಿದರೆ 16 ಪಣ. ರಾಜ ತಡೆದ ಸರಕನ್ನು ಮಾರಿದರೆ ಅದು ಅರಮನೆಯ ಪಾಲು. ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ 10 ಲಾಭ. ವರ್ತಕರು ಒಟ್ಟುಗೂಡಿ ಸರಕನ್ನು ತಡೆದು ಬೆಲೆ ಕೆಡಿಸಿದರೆ ಅದಕ್ಕೂ ದಂಡ.

ಇದು ಗ್ರಂಥದ ಮಾತು. ಕಲ್ಲಿನ ಮಾತು ಬೇರೆ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳ ಶಾಸನಗಳಲ್ಲಿ ಅಡಕೆ, ಎಲೆ, ಮೆಣಸು, ಧಾನ್ಯದ ಹೇರಿಗೆ ಇಷ್ಟಿಷ್ಟು ಎಂದು ದೇವರಿಗೆ ಬಿಟ್ಟ ಆಯ ಸಿಗುತ್ತದೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕದ ಹೆಸರುಗಳೂ ಸಿಗುತ್ತವೆ. ಈ ದತ್ತಿಗೆ ತಪ್ಪಿದವನಿಗೆ ಅಲ್ಲಿ ಸಾಮಾನ್ಯವಾಗಿ ಹೇಳುವುದು ಪಣದ ಲೆಕ್ಕವಲ್ಲ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ನಾವು ಶಾಪಾಶಯವನ್ನು ಬರೀ ಸಂಪ್ರದಾಯವೆಂದು ಪಡಿಯಚ್ಚಿನ ಕೊನೆಗೆ ತಳ್ಳಿಬಿಡುತ್ತೇವೆ. ನನ್ನ ಮಟ್ಟಿಗೆ ಅದೂ ಕಟ್ಟಳೆಯೇ: ಅಧಿಕಾರಿಯ ಕಣ್ಣು ಮುಟ್ಟದ ದಾರಿಯಲ್ಲಿ ಕಾಯುವುದು ಶಾಪ. ಹಾಗಾಗಿ ಗ್ರಂಥವನ್ನೂ ಕಲ್ಲನ್ನೂ ಜೊತೆಗಿಟ್ಟೇ ಓದಬೇಕು.

ಈಗಿನ ಸುಂಕದ ಕಟ್ಟೆ ಬಂದರಿನಲ್ಲಿದೆ. ಬೇಳೆಕಾಳಿನ ರಫ್ತಿಗೆ 2006ರಲ್ಲಿ ಬಿದ್ದ ತಡೆ 2017ರಲ್ಲಿ ತೆರವಾಯಿತು. 2021ರಲ್ಲಿ ತೊಗರಿ ಆಮದು ಮುಕ್ತವಾಯಿತು. ಆಜ್ಞೆ ಹೊರಡುವುದು ದಿಲ್ಲಿಯಲ್ಲಿ, ಅದರ ಬಿಸಿ ತಟ್ಟುವುದು ಬೀದರ್ ಜಿಲ್ಲೆಯ ತೊಗರಿ ಹೊಲಕ್ಕೆ.

ಆ ರೈತರಿಗೆ ನಾನು ಸ್ಮೃತಿಯ ಇನ್ನೊಂದು ಮಾತು ಹೇಳಿದೆ: ಸರಕಿಗೆ ತಗುಲಿದ ಖರ್ಚು ಸೇರಿಸಿ, ಕೊಳ್ಳುವವನಿಗೂ ಮಾರುವವನಿಗೂ ಅನುಕೂಲವಾಗುವಂತೆ ರಾಜ ಬೆಲೆ ಕಟ್ಟಬೇಕು. ಅವರು ಕೇಳಿದರು: "ಮಾರಾಂವ ಅಂದ್ರ ಯಾರ್ರಿ, ನಾವಾ?"

ಉತ್ತರಕ್ಕೆ ತಡವರಿಸಿದೆ. ಅಲ್ಲಿ ಮಾರುವವನು ವರ್ತಕ. ಶಾಸನದಲ್ಲೂ ಲೆಕ್ಕಕ್ಕೆ ಬರುವುದು ಹೇರು. ಹೇರು ತುಂಬಿಸಿದವನ ಹೆಸರಿಲ್ಲ. ಇನ್ನು ಮುಂದೆ ಸುಂಕದ ಶಾಸನ ಓದುವಾಗ ಆ ಬಿಟ್ಟುಹೋದ ಹೆಸರನ್ನೂ ನೆನೆಯಬೇಕು ಅಂದುಕೊಂಡೆ.