ಕಾಲ್ನಡಿಗೆಯ ಕಿಟೆಲ್

ಹಳಿಯಾಳ, ಮುಂಡಗೋಡದ ಸಂತೆಗಳಲ್ಲಿ ನಾವು ಕನ್ನಡ, ಉರ್ದು, ಕೊಂಕಣಿ, ಮರಾಠಿಗಳನ್ನು ಒಟ್ಟಿಗೇ ಕೇಳುತ್ತೇವೆ. ಪಕ್ಕದ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಇಂಥದೇ ಮಾತುಗಳಿಗೆ ಕಿವಿಗೊಟ್ಟ ಜರ್ಮನ್ ಯುವಕ ಫರ್ಡಿನೆಂಡ್ ಕಿಟೆಲ್. ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 21 ವರ್ಷ. ಬಂದದ್ದು ಧರ್ಮಪ್ರಚಾರಕ್ಕೆ, ದಿನಗಳು ಸಂದದ್ದು ಹೆಚ್ಚಾಗಿ ಕಲಿಕೆಗೆ. ಹಳ್ಳಿಗಳಿಗೆ ನಡೆದೇ ಹೋಗುತ್ತಿದ್ದರು, ಜನರ ಆಡುಮಾತನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಈ ಹುಚ್ಚು ಜೊತೆಯ ಮಿಶನರಿಗಳಿಗೆ ಹಿಡಿಸಲಿಲ್ಲ. ಅವರ ದೃಷ್ಟಿಯಲ್ಲಿ ಅದು ಸರಿಯೇ ಇದ್ದೀತು, ವ್ಯಾಕರಣದಿಂದ ಯಾರೂ ಮತಾಂತರವಾಗುವುದಿಲ್ಲವಲ್ಲ! ಕಿಟೆಲರು ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಹೊರತಂದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಹಿಂದೂಸ್ತಾನಿಯಿಂದ ಬಂದ ಶಬ್ದಗಳಿಗೆ ಅದರಲ್ಲಿ ಮೂಲದ ಗುರುತಿದೆ. ಆದರೆ ಪರಕೀಯವೆಂದು ಅವರು ಅವನ್ನು ಹೊರಗಿಡಲಿಲ್ಲ. ಅಚ್ಚಗನ್ನಡದ ಪದಗಳ ನಡುವೆಯೇ, ಅಕ್ಷರಾನುಕ್ರಮದಲ್ಲಿ ಕೂರಿಸಿದರು.